ಪೇಟೆಂಟ್ ಅರ್ಜಿಯನ್ನು ಬರೆಯತಕ್ಕವರು ಯಾರು?

ಜಮೀನು ಕೊಳ್ಳುವ ರೈತನು ಕ್ರಯಪತ್ರವನ್ನು ಓದಿಸಿ ಕೇಳುತ್ತಾನೆ. ಉಳಿದ ಮಾತು ಹೇಗೇ ಇರಲಿ, ಚಕ್ಕುಬಂದಿ ಬಂದಾಗ ಅವನ ಕಿವಿ ನಿಮಿರುತ್ತದೆ. ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ ಎಂಬುದು ತಪ್ಪಿದರೆ ಹಣ ಕೊಟ್ಟೂ ನೆಲ ಕೈಬಿಟ್ಟು ಹೋಗುವುದೆಂದು ಅವನು ಬಲ್ಲ. ಸ್ವಂತ ಬುದ್ಧಿಯಿಂದ ಮಾಡಿದ ಹೊಸ ಸಲಕರಣೆಗೂ ಇಂಥದೇ ಒಂದು ಪತ್ರವುಂಟು, ಅದೇ ಪೇಟೆಂಟ್. ಅದು ದೊರೆತು, ಕಾಲಕಾಲಕ್ಕೆ ಶುಲ್ಕ ಕಟ್ಟುತ್ತಿದ್ದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅನುಮತಿಯಿಲ್ಲದೆ ಆ ವಸ್ತುವನ್ನು ಮಾಡಿ ಮಾರುವಂತಿಲ್ಲ.

ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಹಳ್ಳಿಗಳಲ್ಲಿ ಕಮ್ಮಾರರಿಗೂ ಕೈಚಳಕದ ರೈತರಿಗೂ ಬರವಿಲ್ಲ. ಇಂಥವರು ಅರ್ಜಿಯನ್ನು ತಾವೇ ಬರೆಯಬೇಕೇ, ಹಣ ಕೊಟ್ಟು ಪೇಟೆಂಟ್ ಏಜೆಂಟರಿಂದ ಬರೆಸಬೇಕೇ ಎಂಬುದೇ ಇಂದಿನ ಪ್ರಶ್ನೆ.

1970ರ ಪೇಟೆಂಟ್ ಕಾಯಿದೆಯಂತೆ ಮೊದಲು ಕಂಡುಹಿಡಿದವನು ತಾನೇ ಅರ್ಜಿ ಹಾಕಬಹುದು, ಏಜೆಂಟರು ಕಡ್ಡಾಯವಲ್ಲ. ನಮ್ಮ ಕಡೆಯ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಗಣಕಯಂತ್ರದ ಮೂಲಕ ಸಲ್ಲಿಸಿದರೆ ಒಬ್ಬ ವ್ಯಕ್ತಿಗೆ ಮೊದಲ ಶುಲ್ಕ 1,600 ರೂಪಾಯಿ, ಮುಂದೆ ಪರಿಶೀಲನೆ ಕೋರಲು 4,000 ರೂಪಾಯಿ. ಏಜೆಂಟರ ಸಂಭಾವನೆ ಇದಕ್ಕಿಂತ ಬಹಳ ಹೆಚ್ಚು. ಆದಕಾರಣ 'ನಾನೇ ಬರೆದರಾಯಿತು' ಎನ್ನಿಸುವುದು ಸಹಜ.

ಹಾಗೆ ಎಣಿಸಿದವರಲ್ಲಿ ವಿಮಾನ ಕಂಡುಹಿಡಿದ ಅಮೆರಿಕದ ರೈಟ್ ಸಹೋದರರೂ ಇದ್ದರು. 1903ರಲ್ಲಿ ಅವರು ತಾವೇ ಬರೆದ ಅರ್ಜಿಯನ್ನು ಪೇಟೆಂಟ್ ಕಚೇರಿ ಒಪ್ಪಲಿಲ್ಲ. ಮರುವರ್ಷ ಟೌಲ್ಮಿನ್ ಎಂಬ ವಕೀಲರನ್ನು ಹಿಡಿದರು. ಅವರು ಎಂಜಿನ್ನಿನ ಗೊಡವೆಗೆ ಹೋಗದೆ, ಗಾಳಿಯಲ್ಲಿ ವಿಮಾನವನ್ನು ವಾಲದಂತೆ ಹತೋಟಿಯಲ್ಲಿಡುವ ಉಪಾಯಕ್ಕೇ ಹಕ್ಕು ಕೇಳಿದರು. 1906ರ ಮೇ 22ರಂದು ಪೇಟೆಂಟ್ ಬಂದಿತು. ಮುಂದೆ ಕರ್ಟಿಸ್ ಎಂಬವರು ರೆಕ್ಕೆಯ ರಚನೆಯನ್ನು ಬದಲಿಸಿ ತಮ್ಮದು ಬೇರೆಯೆಂದು ವಾದಿಸಿದಾಗಲೂ, 1914ರಲ್ಲಿ ನ್ಯಾಯಾಲಯ ರೈಟರ ಹಕ್ಕನ್ನೇ ಎತ್ತಿಹಿಡಿಯಿತು.

ಇದನ್ನು ನಮ್ಮ ಹೊಲಕ್ಕೆ ತಂದು ನೋಡೋಣ. ಗಟ್ಟಿನೆಲದಿಂದ ಮರಗೆಣಸನ್ನು ಮುರಿಯದೆ ಕೀಳುವ ಹೊಸ ಬಗೆಯ ಸನ್ನೆಕೋಲೊಂದನ್ನು ಒಬ್ಬ ರೈತ ಮಾಡಿದನೆನ್ನಿ. 'ನಾಲ್ಕಡಿ ಉದ್ದದ, ಮೂರು ಹಲ್ಲಿನ ಸಲಕರಣೆ' ಎಂದಷ್ಟಕ್ಕೇ ಹಕ್ಕು ಕೇಳಿದರೆ, ಪಟ್ಟಣದ ಕಾರ್ಖಾನೆಯವರು ಎರಡು ಹಲ್ಲಿನದನ್ನು ಮಾಡಿ ಮಾರುವರು. 'ಗೆಣಸು ಕೀಳುವ ಎಲ್ಲ ಸಲಕರಣೆಗೂ' ಎಂದು ಕೇಳಿದರೆ, ಹಳೆಯ ಸಲಕರಣೆಗಳನ್ನು ತೋರಿಸಿ ಕಚೇರಿ ಅರ್ಜಿಯನ್ನೇ ತಳ್ಳಿಹಾಕುವುದು. ಈ ಮೇರೆ ಗುರುತಿಸುವ ವಾಕ್ಯಗಳಿಗೆ ಕ್ಲೇಮುಗಳೆಂದು ಹೆಸರು. ಪೇಟೆಂಟಿನ ಚಕ್ಕುಬಂದಿ ಅದೇ, ಅನುಭವಿಗಳೇ ಬರೆಯತಕ್ಕದ್ದು.

ಹಾಗೆಂದು ಎಲ್ಲವನ್ನೂ ಏಜೆಂಟರ ತಲೆಗೆ ಕಟ್ಟಿ ಕೂರುವುದೂ ಸಲ್ಲ. ಅವರು ಕಾನೂನನ್ನು ಬಲ್ಲರು, ನಿಮ್ಮ ನೆಲವನ್ನು ಬಲ್ಲರೇ? ಯಾವ ಕೊಕ್ಕೆ ಏಕೆ ಬಾಗಿದೆ, ಮೊದಲು ಮಾಡಿದ್ದು ಏಕೆ ಮುರಿಯಿತು, ಯಾವ ಭಾಗವನ್ನು ಬದಲಿಸಿದರೂ ಕೆಲಸ ನಡೆಯುವುದು — ಇದನ್ನು ಮಾಡಿದವನೇ ಹೇಳಬೇಕು. ಅರ್ಜಿ ಇಂಗ್ಲಿಷಿನಲ್ಲಿ ಇಲ್ಲವೆ ಹಿಂದಿಯಲ್ಲಿಯೇ ಇರಬೇಕೆಂಬುದು ನಿಯಮ. ಕನ್ನಡಕ್ಕೂ ಅಲ್ಲಿ ಎಡೆಯಿಲ್ಲ, ತಮಿಳಿಗೂ ಇಲ್ಲ. ಆದರೂ ಮೊದಲು ಕನ್ನಡದಲ್ಲಿಯೇ ಚಿತ್ರಸಹಿತ ಬರೆದಿಡಿರಿ. ಬಾರದ ಭಾಷೆಯಲ್ಲಿ ಅರ್ಧ ಹೇಳುವುದಕ್ಕಿಂತ ಬಂದ ಭಾಷೆಯಲ್ಲಿ ಪೂರ್ತಿ ಹೇಳುವುದು ಲೇಸು. ಅನುವಾದ ಅನಂತರದ ಮಾತು.

ಹಣದ ಅಡಚಣೆಯಿದ್ದವರಿಗೆ ನಡುದಾರಿಯೊಂದುಂಟು. ತಾತ್ಕಾಲಿಕ ವಿವರಣೆಯನ್ನು ಮೊದಲು ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಮೊದಲನೆಯದಕ್ಕೆ ಕ್ಲೇಮುಗಳು ಬೇಕಿಲ್ಲವಾದ್ದರಿಂದ ತಾವೇ ಬರೆಯಬಹುದು; ಆದರೆ ಅದರಲ್ಲಿ ಹೇಳದೆ ಬಿಟ್ಟದ್ದಕ್ಕೆ ಆ ದಿನಾಂಕದ ರಕ್ಷಣೆ ದೊರೆಯದು. ಪೂರ್ಣ ವಿವರಣೆಯ ಹೊತ್ತಿಗೆ ಏಜೆಂಟರನ್ನು ಹಿಡಿಯಬೇಕು. ಅವರು ಪರೀಕ್ಷೆ ಪಾಸಾಗಿ ನೋಂದಾಯಿತರಾದವರೇ ಎಂದು ವಿಚಾರಿಸಿರಿ. 2000ದಲ್ಲಿ ಸ್ಥಾಪನೆಯಾದ, ಗುಜರಾತಿನಲ್ಲಿರುವ ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನವು ಹಳ್ಳಿಯ ಸಂಶೋಧಕರಿಗೆ ಈ ಕೆಲಸದಲ್ಲಿ ನೆರವು ನೀಡುತ್ತದೆ, ಅಲ್ಲಿಗೂ ಬರೆಯಬಹುದು.

ಖರ್ಚಿಗೆ ಮುನ್ನ ಎರಡು ಎಚ್ಚರಿಕೆ. ಬೇಸಾಯದ ಕ್ರಮಕ್ಕಾಗಲಿ ಬೀಜಕ್ಕಾಗಲಿ ನಮ್ಮ ಕಾಯಿದೆಯಲ್ಲಿ ಪೇಟೆಂಟ್ ಇಲ್ಲ. ಹಳೆಯದನ್ನು ಹೊಸದೆಂದರೂ ನಿಲ್ಲದು. ನಾವು ಬೆಳೆಯುವ ಅರಿಸಿನದಿಂದ ಗಾಯ ಮಾಯಿಸುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಕೊಟ್ಟ ಪೇಟೆಂಟ್ 1997ರಲ್ಲಿ ರದ್ದಾಯಿತು. ಇನ್ನೊಂದು, ಅರ್ಜಿ ಸಲ್ಲಿಸುವ ಮುನ್ನ ಜಾತ್ರೆಯಲ್ಲಿ ತೋರಿಸುವುದಾಗಲಿ, ಮೊಬೈಲಿನಲ್ಲಿ ಚಿತ್ರ ತೆಗೆದು ಹರಡುವುದಾಗಲಿ ಕೂಡದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಒಟ್ಟಿನಲ್ಲಿ ನಮ್ಮ ಅಭಿಪ್ರಾಯವಿಷ್ಟು: ವಿವರ ಮಾಡಿದವನದಾಗಲಿ, ಕ್ಲೇಮು ಬಲ್ಲವರದಾಗಲಿ. ಏಜೆಂಟರು ಬರೆದು ತಂದದ್ದನ್ನು ಕನ್ನಡದಲ್ಲಿ ಹೇಳಿಸಿ ಕೇಳದೆ ಮಾತ್ರ ಯಾರೂ ರುಜು ಹಾಕಬಾರದು. ಹೊಲದ ಚಕ್ಕುಬಂದಿಗೆ ನಿಮಿರುವ ಕಿವಿ ಬುದ್ಧಿಯ ಚಕ್ಕುಬಂದಿಗೂ ನಿಮಿರಲಿ.