ಮೀನಿಗೂ ಊರಿನ ಹೆಸರಿರಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹೆದ್ದಾರಿಗಳ ಬದಿಯಲ್ಲಿ ಸಂಜೆಯಾಗುತ್ತಲೇ ಮೀನು ಹುರಿಯುವ ಬಾಣಲೆಗಳು ಒಲೆಯೇರುತ್ತವೆ. ಕೌಂಟರಿನಲ್ಲಿ ಹಣ ಕೊಟ್ಟು, ತಟ್ಟೆ ಪಡೆದು, ನಿಂತೇ ತಿಂದು ಹೋಗುವ ವ್ಯವಸ್ಥೆ. 1980ರ ದಶಕದಲ್ಲಿ ಬೆಂಗಳೂರಿನ ದರ್ಶಿನಿಗಳು ಇಡ್ಲಿ–ದೋಸೆಗೆ ಮಾಡಿದ್ದನ್ನು ಈ ಅಂಗಡಿಗಳು ಮೀನಿಗೆ ಮಾಡುತ್ತಿವೆ. ಕರ್ನಾಟಕ ಮೀನುಗಾರಿಕೆ ಅಭಿವೃದ್ಧಿ ನಿಗಮದ ಉಪಾಹಾರ ಗೃಹಗಳಿಗೆ ‘ಮತ್ಸ್ಯದರ್ಶಿನಿ’ ಎಂಬ ಹೆಸರು ಬಂದದ್ದು ಆಕಸ್ಮಿಕವಲ್ಲ. ಪೌಷ್ಟಿಕ ಆಹಾರ ಸಾಮಾನ್ಯರ ಕೈಗೆಟುಕುವಂತಾದರೆ ಅದನ್ನು ಸ್ವಾಗತಿಸಲೇಬೇಕು.

ಆದರೆ ಇಡ್ಲಿಗೂ ಮೀನಿಗೂ ಒಂದು ವ್ಯತ್ಯಾಸವಿದೆ. ಮೀನು ಯಾವ ನೀರಿನದು, ಹಿಡಿದು ಎಷ್ಟು ದಿನವಾಯಿತು, ಎಣ್ಣೆ ಎಷ್ಟನೆಯ ಸಲ ಕಾಯುತ್ತಿದೆ ಎಂಬುದನ್ನು ಮಸಾಲೆ ಮುಚ್ಚಿಬಿಡುತ್ತದೆ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯ ಸರಕನ್ನು ಹೊರದಬ್ಬುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲೇ ತೋರಿಸಿಕೊಟ್ಟರು. ಅವರ ಉದಾಹರಣೆ ಹಳೆಯ ಕಾರುಗಳದು. ಹುರಿದ ಮೀನಿಗೂ ಅದು ಅಕ್ಷರಶಃ ಸಲ್ಲುತ್ತದೆ.

ದೊಡ್ಡಬಳ್ಳಾಪುರ ರಸ್ತೆಯ ಒಂದು ಅಂಗಡಿಯಲ್ಲಿ ಜುಲೈ ತಿಂಗಳಲ್ಲಿ ‘ಮಂಗಳೂರಿನ ತಾಜಾ ಬಂಗುಡೆ’ ಎಂಬ ಫಲಕ ಕಂಡೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ನಾಡದೋಣಿಗಳ ಅಲ್ಪ ಮೀನು ಇಷ್ಟು ದೂರ ಬಂದೀತೇ? ಪೂರ್ವ ಕರಾವಳಿಯ ನಿಷೇಧ ಜೂನ್ ಮಧ್ಯಕ್ಕೇ ಮುಗಿಯುವುದರಿಂದ ಅದು ಅಲ್ಲಿಯ ಮೀನೂ ಆಗಿರಬಹುದು, ಶೈತ್ಯಾಗಾರದ್ದೂ ಆಗಿರಬಹುದು. ಎರಡೂ ತಪ್ಪಲ್ಲ, ಹಾಗೆಂದು ಹೇಳಿದರೆ. ಪಕ್ಕದಲ್ಲಿದ್ದ ಕಾಟ್ಲಾ ಯಾವ ಕೆರೆಯದೆಂದು ಕೇಳಿದೆ. ಹುರಿಯುತ್ತಿದ್ದ ಹುಡುಗ ತಬ್ಬಿಬ್ಬಾದ. ಅವನು ಮುಚ್ಚಿಡುತ್ತಿರಲಿಲ್ಲ, ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

ಕಾನೂನುಗಳಿಗೆ ಕೊರತೆಯಿಲ್ಲ. ಖಾದ್ಯತೈಲದಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೋಳಿ ಕಬಾಬ್ ಮತ್ತು ಮೀನಿನ ಖಾದ್ಯಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಪರೀಕ್ಷಿಸಿದ 39 ಕಬಾಬ್ ಮಾದರಿಗಳಲ್ಲಿ 8ರಲ್ಲಿ ಕೃತಕ ಬಣ್ಣ ಪತ್ತೆಯಾಗಿತ್ತು. ಆದರೆ ಪ್ರತಿ ಬಾಣಲೆಯ ಪಕ್ಕದಲ್ಲಿ ಒಬ್ಬ ಇನ್ಸ್‌ಪೆಕ್ಟರನ್ನು ನಿಲ್ಲಿಸಲಾಗದು. ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ಸರ್ಕಾರಿ ಸೇವೆಯಲ್ಲಿದ್ದ ನಾನು ವಿವರಿಸಬೇಕಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಕೆರೆಗಳದು. ಒಂದು ಕಾಲಕ್ಕೆ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟ ಅರ್ಕಾವತಿಯ ಜಲಾನಯನದಲ್ಲೇ ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿವೆ. ಅವುಗಳಿಗೆ ಪಟ್ಟಣದ ಕೊಳಚೆ ಮತ್ತು ಕೈಗಾರಿಕಾ ತ್ಯಾಜ್ಯ ಸೇರುತ್ತಿದೆಯೆಂದು ಗ್ರಾಮಸ್ಥರು ಬೀದಿಗಿಳಿದು ಹೋರಾಡಿದ್ದಾರೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ನಗರದ ತ್ಯಾಜ್ಯ ನೀರು ಎರಡು ಹಂತಗಳ ಸಂಸ್ಕರಣೆಯ ಬಳಿಕ ಗ್ರಾಮಾಂತರದ ಕೆರೆಗಳಿಗೆ ಹರಿಯುತ್ತದೆ. ನಗರ ಕಳಿಸಿದ್ದು ಮೀನಿನ ರೂಪದಲ್ಲಿ ನಗರದ ತಟ್ಟೆಗೇ ಮರಳಿದರೆ ಆಶ್ಚರ್ಯವೇನು? ಕೆರೆ ಕೆಟ್ಟಾಗ ಮೊದಲು ನಷ್ಟ ಅನುಭವಿಸುವವರು ಗುತ್ತಿಗೆ ಹಿಡಿದು ಮರಿ ಬಿಟ್ಟ ಮೀನುಗಾರರು. ಸ್ವಚ್ಛ ಕೆರೆಯ ಮೀನಿಗೂ ಮಲಿನ ಕೆರೆಯ ಮೀನಿಗೂ ಒಂದೇ ಬೆಲೆಯಿದ್ದರೆ, ಕೆರೆಯನ್ನು ಕಾಯ್ದವನಿಗೆ ದೊರೆಯುವುದೇನು?

ನನ್ನ ಸಲಹೆ ಸರಳವಾದದ್ದು. ಪ್ರತಿ ಕೌಂಟರಿನಲ್ಲಿ ಮೂರು ಸಾಲಿನ ಕಪ್ಪುಹಲಗೆ ಇರಲಿ: ಮೀನು ಬಂದದ್ದೆಲ್ಲಿಂದ, ಹಿಡಿದದ್ದೆಂದು, ಎಣ್ಣೆ ಬದಲಿಸಿದ್ದೆಂದು. ಇದಕ್ಕೆ ಸೀಮೆಸುಣ್ಣಕ್ಕಿಂತ ಹೆಚ್ಚಿನ ಖರ್ಚಿಲ್ಲ. ಮೀನುಗಾರಿಕೆ ಇಲಾಖೆ ಹಾಗೂ ಗ್ರಾಮ ಪಂಚಾಯಿತಿಗಳು ಗುತ್ತಿಗೆಗೆ ಕೊಡುವ ಕೆರೆಗಳ ನೀರಿನ ಗುಣಮಟ್ಟವನ್ನು ವರ್ಷಕ್ಕೆರಡು ಬಾರಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಕಚೇರಿಯಲ್ಲಿ ಪ್ರಕಟಿಸಲಿ.

ಹಲಗೆಯ ಮೇಲೆ ಸುಳ್ಳು ಬರೆದರೆ ಎಂಬ ಆಕ್ಷೇಪ ಸಹಜ. ಬರೆಯುವವರು ಇದ್ದೇ ಇರುತ್ತಾರೆ. ಆದರೆ ಕೆರೆಯ ಹೆಸರು ಬರೆದ ಮೇಲೆ ಸುಳ್ಳನ್ನು ಪರಿಶೀಲಿಸಬಹುದು. ‘ತಾಜಾ’ ಎಂಬ ಪದವನ್ನು ಪರಿಶೀಲಿಸಲಾಗದು. ಒಳ್ಳೆಯ ಸರಕುಳ್ಳವನು ತಾನಾಗಿಯೇ ಬರೆಯುತ್ತಾನೆ, ಬರೆಯದವನನ್ನು ಗಿರಾಕಿ ಪ್ರಶ್ನಿಸುತ್ತಾನೆ. ನಂಜನಗೂಡಿನ ರಸಬಾಳೆಗೆ, ಮೈಸೂರಿನ ಮಲ್ಲಿಗೆಗೆ ಊರಿನ ಹೆಸರೇ ಬೆಲೆ ತಂದುಕೊಟ್ಟಿತು. ಗ್ರಾಮಾಂತರದ ಕೆರೆಮೀನಿಗೂ ಅಂಥದೊಂದು ಹೆಸರು ದೊರೆತರೆ, ಕೆರೆಯ ಆರೋಗ್ಯ ದಡದ ಹಳ್ಳಿಯವರ ಚಿಂತೆಯಾಗಿಯಷ್ಟೇ ಉಳಿಯದೆ ತಟ್ಟೆ ಹಿಡಿದು ನಿಂತವರದೂ ಆಗುತ್ತದೆ.