ದೋಣಿಯಲ್ಲಿ ನಿಂತ ನೀರು



ಬೆಂಗ್ರೆ ಕಡೆಯ ಓದುಗ ಸಹೋದರಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಪತಿಯದ್ದು ಚಿಕ್ಕ ಫೈಬರ್ ದೋಣಿ. ದಿನಾ ಬೆಳಿಗ್ಗೆ ಅದರಲ್ಲಿ ನೀರು ನಿಂತಿರುತ್ತದಂತೆ. ಕೇಳಿದರೆ, “ದೋಣಿ ಎಂದ ಮೇಲೆ ಸ್ವಲ್ಪ ನೀರು ಇದ್ದದ್ದೇ. ನಿನಗೆ ಸುಮ್ಮನೆ ಹೆದರಿಕೆ” ಎನ್ನುತ್ತಾರಂತೆ. ನನ್ನ ಹೆದರಿಕೆ ತಪ್ಪೇ ಎಂಬುದು ಅವರ ಪ್ರಶ್ನೆ.

ತಪ್ಪಲ್ಲ. ಆದರೆ ಪತಿಯ ಮಾತಿಗೂ ಒಂದು ಹಿನ್ನೆಲೆಯಿದೆ. ನಾನು ಚಿಕ್ಕವಳಿದ್ದಾಗ ತಂದೆಯ ಮರದ ದೋಣಿಯಿಂದ ಅಡಿಕೆ ಹಾಳೆಯಲ್ಲಿ ನೀರು ಮೊಗೆದು ಚೆಲ್ಲುವುದು ನನ್ನ ಕೆಲಸವಾಗಿತ್ತು. ಒಣಗಿದ ಮರದ ದೋಣಿಯನ್ನು ನೀರಿಗಿಳಿಸಿದರೆ ಮೊದಲ ದಿನಗಳಲ್ಲಿ ಸೋರುತ್ತದೆ. ಆಮೇಲೆ ಹಲಗೆ ನೀರು ಕುಡಿದು ಉಬ್ಬುತ್ತದೆ, ಸಂದು ತಾನಾಗಿ ಮುಚ್ಚಿಕೊಳ್ಳುತ್ತದೆ. ಹಿರಿಯರ ಮಾತು ಆ ದೋಣಿಗೆ ಸರಿ. ಫೈಬರ್ ಹಾಗೆ ಉಬ್ಬುವುದಿಲ್ಲ. ಅದರ ಬಿರುಕು ಇಂದು ಕೂದಲೆಳೆಯಷ್ಟಿದ್ದರೆ ನಾಳೆ ದೊಡ್ಡದಾದೀತೇ ಹೊರತು ಮುಚ್ಚಿಕೊಳ್ಳದು.

‘ಸ್ವಲ್ಪ ನೀರು’ ಎಂದರೆ ಎಷ್ಟು? ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗದಲ್ಲಿ ಎರಡು ಇಂಚು ನೀರು ನಿಂತರೆ ಸುಮಾರು 190 ಲೀಟರ್. ಮೂವರು ಗಂಡಸರ ತೂಕ! ಗಂಡಸರಾದರೆ ಹೇಳಿದಲ್ಲಿ ಕೂರುತ್ತಾರೆ. ನೀರು ಕೂರುವುದಿಲ್ಲ. ದೋಣಿ ಯಾವ ಕಡೆ ವಾಲುತ್ತದೋ ಅದೇ ಕಡೆಗೆ ಓಡಿ ಇನ್ನಷ್ಟು ವಾಲಿಸುತ್ತದೆ. ಅಳಿವೆ ಬಾಗಿಲಿನಲ್ಲಿ ಅಲೆ ಅಡ್ಡ ಬಡಿದಾಗ ಅಪಾಯ ತರುವುದು ಇದೇ.

ಮೊದಲು ನೀರು ಎಲ್ಲಿಂದ ಬರುತ್ತದೆಂದು ತಿಳಿಯಬೇಕು. ಮಳೆಯಿಲ್ಲದ ರಾತ್ರಿಯ ನಂತರವೂ ನೀರಿದ್ದರೆ ತಳದ ಕಡೆ ಸಂಶಯಪಡಿ. ಮಳೆ ಬಂದಾಗ ಮಾತ್ರ ಇದ್ದರೆ ಡೆಕ್ಕಿನ ಕಡೆ ನೋಡಿ. ನಾಲಗೆಗಿಟ್ಟು ಉಪ್ಪೋ ಸಪ್ಪೆಯೋ ಎಂದು ನೋಡುವುದುಂಟು. ಆದರೆ ಮಳೆಗಾಲದಲ್ಲಿ ನದಿ ಸೇರುವ ಕಡೆ ಹೊರಗಿನ ನೀರೂ ಸಪ್ಪೆಯೇ, ಅದನ್ನು ನಂಬಬೇಡಿ.

ದೋಣಿಯನ್ನು ದಡಕ್ಕೆಳೆದು ಅಡಿಗೆ ಸಮನಾಗಿ ಆಧಾರ ಕೊಡಿ. ಹೊರಗಿನ ಮೈ ಒಣಗಲಿ. ನಂತರ ಒಳಗೆ ಎರಡು ಮೂರು ಇಂಚು ಮಾತ್ರ ನೀರು ಹಾಕಿ. ಹೊರಗೆ ಎಲ್ಲಿ ಜಿನುಗುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಡೆಕ್ಕನ್ನು ಪರೀಕ್ಷಿಸಲು ಇಬ್ಬರು ಬೇಕು. ಒಬ್ಬರು ಒಂದೊಂದೇ ಬೋಲ್ಟಿನ ಮೇಲೆ ನೀರು ಸುರಿಯಬೇಕು, ಇನ್ನೊಬ್ಬರು ಕೆಳಗಿನಿಂದ ನೋಡಬೇಕು. ತಗ್ಗಿನ ಕಡೆಯಿಂದ ಆರಂಭಿಸಿ ಮೇಲಕ್ಕೆ ಹೋಗಿ. ಮನೆಯ ಹೆಂಚಿನಂತೆಯೇ ಇಲ್ಲಿಯೂ ನೀರು ಒಂದು ಕಡೆ ನುಗ್ಗಿ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ.

ಬಿರುಕಿನ ಮೇಲೆ ಬಣ್ಣ ಬಳಿದರೆ ಪ್ರಯೋಜನವಿಲ್ಲ. ಸಿಹಿನೀರಿನಿಂದ ಉಪ್ಪು ತೊಳೆದು, ಚೆನ್ನಾಗಿ ಒಣಗಿಸಿ, ಗಟ್ಟಿ ಫೈಬರ್ ಸಿಗುವವರೆಗೆ ಉಜ್ಜಬೇಕು. ಆಮೇಲೆ ಬಿರುಕಿನ ಸುತ್ತ ಎರಡು ಇಂಚಾದರೂ ಹರಡುವಂತೆ ರೆಸಿನ್ ಹಚ್ಚಿ ಮ್ಯಾಟ್ ಪದರಗಳನ್ನು ಕೂರಿಸಬೇಕು. ಡೆಕ್ಕಿನೊಳಗೆ ಪ್ಲೈವುಡ್ ಇದ್ದರೆ ಬೋಲ್ಟಿನ ತೂತಿನಿಂದ ಇಳಿದ ನೀರು ಅದನ್ನು ಕೊಳೆಸುತ್ತದೆ. ತುಳಿದಾಗ ಮೆತ್ತಗೆ ಅನಿಸಿದರೆ ಅದೇ ಸೂಚನೆ. ಮರ ಇನ್ನೂ ಗಟ್ಟಿಯಿದ್ದರೆ ತೂತನ್ನು ದೊಡ್ಡದು ಮಾಡಿ, ಒಣಗಿಸಿ, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಹೊಸ ತೂತು ಕೊರೆದು, ಸೀಲೆಂಟ್ ಹಚ್ಚಿ ಬೋಲ್ಟು ಹಾಕಬೇಕು. ರೆಸಿನ್ ಕೆಲಸ ಬಯಲಿನಲ್ಲೇ ನಡೆಯಲಿ. ಕೈಗವಸು, ಕನ್ನಡಕ ಬೇಕೇ ಬೇಕು. ಮಕ್ಕಳೂ ಬೆಂಕಿಯೂ ಹತ್ತಿರ ಸುಳಿಯಬಾರದು.

ಇನ್ನು ಮೇಲಿಂದ ಬಿದ್ದ ನೀರಿಗೆ ಹೊರದಾರಿ ಬೇಕು. ಡೆಕ್ಕಿನ ರಂಧ್ರಗಳು ಎರಡೂ ಬದಿಗಿರಲಿ. ವಾಲಿದಾಗ ಒಂದಾದರೂ ತಗ್ಗಿನಲ್ಲಿರುತ್ತದೆ. ಬಲೆಯ ನೂಲು, ಮೀನಿನ ಹುರುಪೆ ಸಿಕ್ಕಿ ಅವು ಕಟ್ಟಿಕೊಳ್ಳುತ್ತವೆ. ದಿನಾ ಒಂದು ಕೊಡ ನೀರು ಸುರಿದು ನೋಡಿ. ಆದರೆ ರಂಧ್ರಗಳು ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಮಾತ್ರ ನೀರು ಹೊರಹೋಗುತ್ತದೆ. ಎಂಜಿನ್, ಬಲೆ, ಜನ ಎಲ್ಲ ತುಂಬಿ ಹಿಂಭಾಗ ತಗ್ಗಿದರೆ ಅದೇ ರಂಧ್ರದಿಂದ ನೀರು ಒಳಬರುತ್ತದೆ. ಆದ್ದರಿಂದ ಪೂರ್ತಿ ಹೊರೆಯಿಟ್ಟು ದಡದಲ್ಲೇ ಪರೀಕ್ಷಿಸಬೇಕು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. 10 ಅಶ್ವಶಕ್ತಿವರೆಗಿನ ನಾಡದೋಣಿಗಳಿಗೆ ರಿಯಾಯಿತಿಯಿದೆ. ಅಂದರೆ ದೊಡ್ಡ ಬೋಟುಗಳು ದಡದಲ್ಲಿ ನಿಂತಿರುವಾಗ, ಕಡಲು ಅತಿ ಒರಟಾಗಿರುವಾಗ, ಚಿಕ್ಕ ದೋಣಿಯೇ ಹೊರಡುತ್ತದೆ. ಹಾಗಾಗಿ ದುರಸ್ತಿ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲೇ ಮುಗಿಯಲಿ.

ಪತ್ರ ಬರೆದ ಸಹೋದರಿಗೆ ಒಂದು ಸಲಹೆ. ಜಗಳ ಬೇಡ. ದಿನಾ ಬೆಳಿಗ್ಗೆ ಎಷ್ಟು ಬಕೆಟ್ ನೀರು ತೆಗೆದಿರಿ ಎಂದು ಕೇಳಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಮಳೆ ಬಂದ ದಿನಕ್ಕೆ ಬೇರೆ ಗುರುತು ಹಾಕಿ. ಮಳೆಯಿಲ್ಲದ ದಿನಗಳಲ್ಲೂ ಎರಡು ಬಕೆಟ್ ಇದ್ದದ್ದು ಮೂರಾದರೆ, ಮೂರು ನಾಲ್ಕಾದರೆ, ಆ ಹಾಳೆಯನ್ನು ಅವರ ಮುಂದಿಡಿ. ನಿಮ್ಮ ಹೆದರಿಕೆಯನ್ನು ಅವರು ತಳ್ಳಿಹಾಕಬಹುದು, ತಾವೇ ಹೇಳಿದ ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ.