ಹಿಮದ ಮೇಲಿನ ಉಡುಗೆ ನೋಟಕ್ಕಲ್ಲ, ಮಗುವಿಗೆ



‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಉಡುಗೆ ತೊಡುಗೆಯ ವಿಷಯದಲ್ಲಿ ಕೊನೆಯ ತೀರ್ಪಿನಂತೆ ಬಳಸುತ್ತಿದ್ದರು. ಮದುವೆಮನೆಗೆ, ಹಬ್ಬಕ್ಕೆ, ಶಾಲೆಯ ವಾರ್ಷಿಕೋತ್ಸವಕ್ಕೆ ಆ ಮಾತು ಸರಿಯೇ. ಆದರೆ ಮಕ್ಕಳನ್ನು ಹಿಮದ ಇಳಿಜಾರಿಗೆ ಕರೆದೊಯ್ಯುವವರು ಈ ಗಾದೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಿಸಿಲುನಾಡಿನ ನಿವೃತ್ತ ಮೇಷ್ಟರಿಗೆ ಹಿಮದ ಗೊಡವೆ ಏಕೆ ಎಂದು ನೀವು ನಗಬಹುದು. ಕಾರಣವಿದೆ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಬಳಿ ಇರುವ ಮಗಳ ಮನೆಯಲ್ಲಿ ನಾನು ಮೂರು ಚಳಿಗಾಲಗಳನ್ನು ಕಳೆದಿದ್ದೇನೆ. ಮೊಮ್ಮಕ್ಕಳು ಸ್ಕೀ ಕಲಿಯುವುದನ್ನು ಬೆಟ್ಟದ ಬುಡದ ಕಟ್ಟಡದ ಗಾಜಿನ ಕಿಟಕಿಯಾಚೆ ದಿನಗಟ್ಟಲೆ ನೋಡಿದ್ದೇನೆ. ಅದೇ ಊರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಮಿಂಚಂಚೆ ಬರೆದಿದ್ದಳು: “ಸರ್, ಇಬ್ಬರು ಮಕ್ಕಳಿಗೂ ಹಿಮದಲ್ಲಿ ಜಾರುವ ಆಸೆ. ಅಂಗಡಿಯಲ್ಲಿ ಬಟ್ಟೆಗಳ ಬೆಲೆ ನೋಡಿ ಹಿಂದಿರುಗಿದೆವು. ಈ ವರ್ಷ ಬೇಡವೆಂದು ಹೇಳಿಬಿಡೋಣವೇ?” ಇದೇ ಗೊಂದಲದಲ್ಲಿರುವ ಇತರರಿಗೂ ಉಪಯೋಗವಾಗಲೆಂದು ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಬೇಡವೆನ್ನಬೇಡಿ. ಆದರೆ ಹಣವನ್ನು ಕಣ್ಣಿಗೆ ಕಾಣುವ ಬಟ್ಟೆಗೆ ಸುರಿಯಬೇಡಿ, ಕಾಣದ ಬಟ್ಟೆಗೆ ಕೊಡಿ.

ಮೊದಲು ಆ ಜಾಗದ ಸ್ವಭಾವವನ್ನು ತಿಳಿಯೋಣ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,609 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೆದ್ದಾರಿ ಹಿಡಿದರೆ, 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗದ ಬಾಯಿಯಲ್ಲೇ ಲವ್‌ಲ್ಯಾಂಡ್ ಎಂಬ ಸ್ಕೀ ತಾಣ ಸಿಗುತ್ತದೆ. ಅದರ ಬುಡವೇ ಸುಮಾರು 3,290 ಮೀಟರ್ ಎತ್ತರ. ಒಂದು ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆಂದು ಒಂಬತ್ತನೆಯ ತರಗತಿಯಲ್ಲಿ ನಾನು ಪಾಠ ಮಾಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಲೆಕ್ಕದಲ್ಲಿ ಮನೆಯಂಗಳಕ್ಕೂ ಬೆಟ್ಟದ ಬುಡಕ್ಕೂ ಹನ್ನೊಂದು ಡಿಗ್ರಿಯ ಅಂತರ. ಇದರ ಮೇಲೆ ಗಾಳಿ ಬೇರೆ. ಉಷ್ಣತೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದು, ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದ್ದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರ ಚಳಿಯೇ. ಚೇರ್‌ಲಿಫ್ಟಿನಲ್ಲಿ ಕಾಲು ಇಳಿಬಿಟ್ಟು ಅಲುಗಾಡದೆ ಕುಳಿತ ಮಗುವಿಗೆ ಈ ಗಾಳಿಯಿಂದ ಮರೆಯಿಲ್ಲ. ಮಕ್ಕಳ ದೇಹತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು. ಆದ್ದರಿಂದ ಅವರು ನಮಗಿಂತ ಬೇಗ ಶಾಖವನ್ನು ಕಳೆದುಕೊಳ್ಳುತ್ತಾರೆ. ದೊಡ್ಡವರಿಗೆ ‘ಪರವಾಗಿಲ್ಲ’ ಎನ್ನಿಸುವ ಚಳಿ ಅವರಿಗೆ ಪರವಾಗಿಲ್ಲ ಎನ್ನುವಂಥದ್ದಲ್ಲ.

ಇಂಥ ಕಡೆ ಮಗುವಿನ ನಿಜವಾದ ಶತ್ರು ಒದ್ದೆ. ನೀರು ಗಾಳಿಗಿಂತ ಸುಮಾರು 24 ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಹತ್ತಿ ಬಟ್ಟೆ ಬೆವರನ್ನು ಹೀರಿ ಮೈಗೆ ಅಂಟಿ ಕುಳಿತರೆ, ಅದರ ಮೇಲೆ ಎಷ್ಟು ಬೆಲೆಯ ಕೋಟು ಹಾಕಿದರೂ ಮಗು ನಡುಗುವುದು ತಪ್ಪದು. ಬೇಸಿಗೆಯಲ್ಲಿ ನಮಗೆ ಅಮೃತಪ್ರಾಯವಾದ ಹತ್ತಿ ಹಿಮದಲ್ಲಿ ವೈರಿ. ಆದ್ದರಿಂದ ಮೈಗೆ ತಾಗುವ ಒಳಪದರ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಬೇಕು. ಅದರ ಮೇಲೆ ಗಾಳಿಯನ್ನು ಹಿಡಿದಿಟ್ಟು ಬೆಚ್ಚಗಿರಿಸುವ ಫ್ಲೀಸಿನ ಅಥವಾ ಉಣ್ಣೆಯ ನಡುಪದರ. ಎಲ್ಲಕ್ಕಿಂತ ಹೊರಗೆ ನೀರನ್ನೂ ಗಾಳಿಯನ್ನೂ ತಡೆಯುವ ಪದರ. ಬಿಸಿಲು ಬಂದರೆ ನಡುವಿನದನ್ನು ಕಳಚಬಹುದು. ದಪ್ಪನೆಯ ಒಂದೇ ಕೋಟಿನಲ್ಲಿ ಈ ಅನುಕೂಲವಿಲ್ಲ.

ಈ ತತ್ತ್ವ ನಮಗೆ ಹೊಸದೇನೂ ಅಲ್ಲ. ಮಲೆನಾಡಿನ ಮುಂಗಾರಿನಲ್ಲಿ ಗದ್ದೆಗೆ ಇಳಿಯುತ್ತಿದ್ದವರು ಹೊದೆಯುತ್ತಿದ್ದುದು ಕಂಬಳಿಕೊಪ್ಪೆಯನ್ನು, ಹತ್ತಿಯ ಪಂಚೆಯನ್ನಲ್ಲ. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುವುದರಿಂದ ನೆಂದರೂ ಕುಸಿಯದೆ ತನ್ನೊಳಗೆ ಗಾಳಿಯನ್ನು ಉಳಿಸಿಕೊಳ್ಳುತ್ತದೆ. ಹಾಗಾಗಿ ನೆಂದ ಕಂಬಳಿಯೂ ಅಷ್ಟಿಷ್ಟು ಬೆಚ್ಚಗಿರುತ್ತದೆ. ಭೌತಶಾಸ್ತ್ರದ ಪುಸ್ತಕ ಓದದೆಯೇ ನಮ್ಮ ಕುರುಬರೂ ರೈತರೂ ಇದನ್ನು ಬಲ್ಲವರಾಗಿದ್ದರು.

ಹೊರಪದರದ ಚೀಟಿಯಲ್ಲಿ 5,000, 10,000, 20,000 ಎಂಬ ಅಂಕೆಗಳಿರುತ್ತವೆ. ಅವು ಬಟ್ಟೆ ಎಷ್ಟು ಮಿಲಿಮೀಟರ್ ಎತ್ತರದ ನೀರಿನ ಒತ್ತಡವನ್ನು ಸೋರದೆ ತಡೆಯುತ್ತದೆ ಎಂಬುದರ ಅಳತೆ. ಕಲಿಯುವ ಮಕ್ಕಳು ನಿಲ್ಲುವುದಕ್ಕಿಂತ ಬಿದ್ದಿರುವುದೇ ಹೆಚ್ಚಾದ್ದರಿಂದ 10,000 ಇದ್ದರೆ ಒಳ್ಳೆಯದು. ಅದಕ್ಕಿಂತ ಮೇಲಿನದು ಬುಡದ ಇಳಿಜಾರಿನಲ್ಲಿ ಕಲಿಯುವ ಮಗುವಿಗೆ ಅನಗತ್ಯ ವೆಚ್ಚವೆಂದೇ ನನ್ನ ಎಣಿಕೆ. ಅಂಕೆಯಷ್ಟೇ ಮುಖ್ಯವಾದದ್ದು ಹೊಲಿಗೆ. ಸೂಜಿ ತೂರಿದ ರಂಧ್ರಗಳನ್ನು ಒಳಗಿನಿಂದ ಪಟ್ಟಿ ಅಂಟಿಸಿ ಮುಚ್ಚಿದ್ದಾರೆಯೇ ಎಂದು ಅಂಗಿಯನ್ನು ತಿರುವಿ ನೋಡಿ. ನೀರು ಹಿಡಿಯದಂತೆ ಮೇಲೆ ಬಳಿಯುವ ಲೇಪನದ ಬಗೆಗೂ ಒಂದು ಮಾತು. ಬಹುಕಾಲ ಇದಕ್ಕೆ ಪಿಎಫ್‌ಎಎಸ್ ಎಂಬ, ಪ್ರಕೃತಿಯಲ್ಲಿ ಸುಲಭವಾಗಿ ಕರಗಿಹೋಗದ ಫ್ಲೋರಿನ್‌ಯುಕ್ತ ರಾಸಾಯನಿಕಗಳನ್ನು ಬಳಸುತ್ತಿದ್ದರು. ಕ್ಯಾಲಿಫೋರ್ನಿಯಾ ರಾಜ್ಯವು 2025ರ ಜನವರಿ 1ರಿಂದ ಇವುಗಳನ್ನು ಬೆರೆಸಿದ ಹೊಸ ಬಟ್ಟೆಗಳ ಮಾರಾಟವನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿದೆ. ಹೊಸದನ್ನು ಕೊಳ್ಳುವವರು ಇವಿಲ್ಲವೆಂದು ನಮೂದಿಸಿರುವ ಬಟ್ಟೆಯನ್ನೇ ಆರಿಸುವುದು ವಿವೇಕ.

ಇನ್ನು ಕೈಕಾಲುಗಳ ವಿಚಾರ. ಎಲ್ಲಕ್ಕಿಂತ ಮೊದಲು ಹಣ ಕೊಡಬೇಕಾದದ್ದು ಇಲ್ಲಿ. ಚಿಕ್ಕ ಮಕ್ಕಳಿಗೆ ಐದು ಬೆರಳಿನ ಗವುಸಿಗಿಂತ, ನಾಲ್ಕು ಬೆರಳುಗಳೂ ಒಂದೇ ಚೀಲದಲ್ಲಿ ಕೂಡಿರುವ ಮಿಟನ್ ಮೇಲು. ಬೆರಳುಗಳು ಒಂದಕ್ಕೊಂದು ಶಾಖ ಕೊಟ್ಟುಕೊಳ್ಳುತ್ತವೆ, ತೊಡಿಸುವುದೂ ಸುಲಭ. ಇನ್ನೊಂದು ಜೊತೆ ಚೀಲದಲ್ಲಿರಲಿ. ಮಧ್ಯಾಹ್ನದ ಹೊತ್ತಿಗೆ ಮೊದಲನೆಯದು ನೆಂದಿರುತ್ತದೆ. ಕಾಲಿಗೆ ಎರಡೆರಡು ಕಾಲುಚೀಲ ಹಾಕುವುದು ನಮ್ಮ ಅಜ್ಜಿಯರ ವಾತ್ಸಲ್ಯ, ವಿಜ್ಞಾನವಲ್ಲ. ಬೂಟು ಬಿಗಿಯಾಗಿ ರಕ್ತಸಂಚಾರ ಕುಂದಿ ಪಾದ ಇನ್ನಷ್ಟು ತಣ್ಣಗಾಗುತ್ತದೆ. ಮೊಣಕಾಲಿನ ಕೆಳಗಿನವರೆಗೆ ಬರುವ, ತೆಳುವಾದ, ಉಣ್ಣೆಯ ಒಂದೇ ಜೊತೆ ಸಾಕು.

ವಾತ್ಸಲ್ಯದ ಮಾತು ಬಂದುದರಿಂದ ಮಫ್ಲರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಊರಿನಿಂದ ಹೋದ ಅಜ್ಜ ಅಜ್ಜಿಯರು ಮೊಮ್ಮಗುವಿನ ಕೊರಳಿಗೆ ಮಫ್ಲರ್ ಸುತ್ತಿ ಗಂಟು ಹಾಕಿದರೆ ಮಾತ್ರ ಸಮಾಧಾನಪಡುತ್ತಾರೆ. ಚಲಿಸುವ ಚೇರ್‌ಲಿಫ್ಟಿಗೆ ಅದರ ತುದಿ ಸಿಕ್ಕಿಕೊಂಡರೆ ಗತಿಯೇನು? ಕೊರಳಿನ ಸುತ್ತ ದಾರವಿರುವ ಟೊಪ್ಪಿಗೆಯೂ ಹಾಗೆಯೇ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1996ರಲ್ಲಿಯೇ ಮಕ್ಕಳ ಮೇಲಂಗಿಗಳ ಎಳೆದಾರಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, 2011ರಲ್ಲಿ ಕೊರಳ ಬಳಿಯ ಇಂಥ ದಾರಗಳನ್ನು ಅಪಾಯವೆಂದು ನಿಯಮವನ್ನೇ ಮಾಡಿತು. ಹಳೆಯ ಅಂಗಿ ಸಿಕ್ಕರೆ ದಾರವನ್ನು ಪೂರ್ತಿ ಎಳೆದು ತೆಗೆದುಬಿಡಿ. ಕೊರಳಿಗೆ ತಲೆಯ ಮೇಲಿಂದ ತೂರಿಸುವ ಕೊಳವೆಯಂಥ ಉಣ್ಣೆಯ ಪಟ್ಟಿ ಸಾಕು.

ಬೆಟ್ಟಕ್ಕೆ ಹೋಗುವ ದಾರಿಯಲ್ಲಿಯೂ ಉಡುಗೆ ಮುಖ್ಯ. ಚಿಕ್ಕ ಮಗುವನ್ನು ಉಬ್ಬಿದ ಕೋಟಿನೊಡನೆ ಕಾರಿನ ಮಕ್ಕಳ ಆಸನದಲ್ಲಿ ಕೂರಿಸಿ ಬೆಲ್ಟ್ ಬಿಗಿಯುತ್ತಾರೆ. ಡಿಕ್ಕಿಯಾದಾಗ ಕೋಟಿನೊಳಗಿನ ಗಾಳಿ ಅಮುಕಿಹೋಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಿಬಿಡಬಹುದು. ಅಲ್ಲಿನ ಮಕ್ಕಳ ವೈದ್ಯರು ಇದನ್ನು ಪ್ರತಿ ಚಳಿಗಾಲವೂ ಎಚ್ಚರಿಸುತ್ತಾರೆ. ಕೋಟನ್ನು ಕಳಚಿ, ಬೆಲ್ಟ್ ಬಿಗಿದು, ಮೇಲೆ ಕಂಬಳಿ ಹೊದಿಸಿ.

ತಲೆಗೆ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್ ಐಚ್ಛಿಕವಲ್ಲ. ಇಟಲಿಯು 14 ವರ್ಷದೊಳಗಿನವರಿಗೆ 2005ರಿಂದಲೇ ಹೆಲ್ಮೆಟ್ ಕಡ್ಡಾಯಮಾಡಿ, 2022ರಲ್ಲಿ ಅದನ್ನು 18ರವರೆಗೂ ವಿಸ್ತರಿಸಿತು. ಹೊಸ ಹಿಮವು ಸೂರ್ಯನ ನೇರಳಾತೀತ ಕಿರಣಗಳಲ್ಲಿ ಶೇಕಡಾ 80ರಷ್ಟನ್ನು ಪ್ರತಿಫಲಿಸಬಲ್ಲದು. ಎತ್ತರ ಸಾವಿರ ಮೀಟರ್ ಏರಿದಂತೆ ಕಿರಣಗಳ ತೀವ್ರತೆ ಸುಮಾರು ಶೇಕಡಾ 10 ಹೆಚ್ಚುತ್ತದೆ. ಮೋಡ ಕವಿದಿದೆಯೆಂದು ಕಣ್ಣನ್ನು ಬರಿದಾಗಿ ಬಿಡಬಾರದು. ಬಟ್ಟೆಯ ಬಣ್ಣವನ್ನು ಆರಿಸುವಾಗಲೂ ಬಿಳಿ ಬೇಡ. ಹಿಮದ ಮೇಲೆ ಬಿದ್ದ ಬಿಳಿಯ ಮಗು ಹಿಂದೆ ಬರುವವರಿಗೆ ಕಾಣುವುದಿಲ್ಲ. ಕಿತ್ತಳೆ, ಹಳದಿ, ಕೆಂಪು ಇರಲಿ. ಅಣ್ಣನದು ತಂಗಿಗೂ ಆಗುತ್ತದೆ.

ಸ್ನೋಬೋರ್ಡ್ ಕಲಿಯುವ ಮಕ್ಕಳ ಅಗತ್ಯ ಸ್ವಲ್ಪ ಬೇರೆ. ಅವರು ಹಿಮದ ಮೇಲೆ ಕುಳಿತು ಕಟ್ಟುಗಳನ್ನು ಬಿಗಿಯುತ್ತಾರೆ, ಮಂಡಿಯೂರುತ್ತಾರೆ, ಹಿಂದಕ್ಕೆ ಬೀಳುತ್ತಾರೆ. ಆದ್ದರಿಂದ ಪ್ಯಾಂಟಿನ ಹಿಂಭಾಗವೂ ಮಂಡಿಯೂ ಗಟ್ಟಿಯಾಗಿರಬೇಕು. ಎದೆಯವರೆಗೆ ಬರುವ ಬಿಬ್ ಪ್ಯಾಂಟಾದರೆ ಸೊಂಟದಲ್ಲಿ ಹಿಮ ನುಗ್ಗದು. ಬೀಳುವಾಗ ಕೈ ಊರುವುದರಿಂದ ಅವರಲ್ಲಿ ಮಣಿಕಟ್ಟಿನ ಮುರಿತ ಹೆಚ್ಚು. ಹೊಸಬರಿಗೆ ಮಣಿಕಟ್ಟಿನ ರಕ್ಷಾಪಟ್ಟಿ ತೊಡಿಸುವುದು ಲೇಸು.

ಈಗ ಹಣದ ಪ್ರಶ್ನೆ. ಮಕ್ಕಳು ಬೆಳೆಯುತ್ತಾರೆ, ಬಟ್ಟೆ ಬೆಳೆಯುವುದಿಲ್ಲ. ನಮ್ಮ ತಾಯಂದಿರು ಸಮವಸ್ತ್ರದ ಲಂಗಕ್ಕೆ ಒಳಮಡಿಕೆ ಹಾಕಿಸಿ, ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದುದು ನಿಮಗೆ ನೆನಪಿದೆಯಲ್ಲವೇ? ಅಲ್ಲಿನ ಕೆಲವು ಕಂಪನಿಗಳು ಅದೇ ಉಪಾಯವನ್ನು ತೋಳಿಗೂ ಪ್ಯಾಂಟಿಗೂ ಇಟ್ಟಿವೆ. ಒಳಗಿನ ಬಣ್ಣದ ದಾರವನ್ನು ಕತ್ತರಿಸಿದರೆ ಉದ್ದ ಹೆಚ್ಚಾಗುತ್ತದೆ. ಇಂಥದನ್ನು ಆರಿಸಿದರೆ ಎರಡು ಚಳಿಗಾಲಕ್ಕೆ ಚಿಂತೆಯಿಲ್ಲ. ಹಾಗೆಂದು ಮೂರು ವರ್ಷಕ್ಕಾಗುವಷ್ಟು ದೊಡ್ಡ ಅಂಗಿ ಕೊಳ್ಳಬೇಡಿ. ಸಂದಿಯಲ್ಲಿ ಗಾಳಿ ನುಗ್ಗುತ್ತದೆ, ಮಗು ಎಡವುತ್ತದೆ. ಹಿಮ ಬೀಳುವ ಮೊದಲು, ಶರತ್ಕಾಲದಲ್ಲಿ, ‘ಸ್ಕೀ ಸ್ವ್ಯಾಪ್’ ಎಂಬ ಹಳೆಯ ಸಾಮಗ್ರಿಯ ಸಂತೆಗಳು ನಡೆಯುತ್ತವೆ. ಒಂದೆರಡು ಚಳಿಗಾಲ ಬಳಸಿದ ಒಳ್ಳೆಯ ಅಂಗಿಗಳು ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವ ಮೊದಲು ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿದರೆ ಲೇಪನ ಉಳಿದಿದೆ. ಇಂಗಿದರೆ ಮರುಲೇಪನದ ದ್ರವ ತಂದು ಮನೆಯಲ್ಲೇ ಸರಿಪಡಿಸಬಹುದು. ಹೆಲ್ಮೆಟ್ ಮಾತ್ರ ಹಳೆಯದು ಬೇಡ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ.

“ಬೇರೆ ಮಕ್ಕಳೆಲ್ಲ ಹೊಸ ಬ್ರ್ಯಾಂಡಿನದು ಹಾಕಿರುತ್ತಾರೆ, ನಮ್ಮವರಿಗೆ ಕೀಳರಿಮೆಯಾಗದೇ?” ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪರದೇಶದಲ್ಲಿ, ಬೇರೆ ಮೈಬಣ್ಣದ ಮಕ್ಕಳ ನಡುವೆ ಬೆಳೆಯುವ ಮಗುವಿಗೆ ಎಲ್ಲರಂತೆ ಕಾಣಬೇಕೆಂಬ ಆಸೆ ಸಹಜ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳ ಮುಖ ನೋಡುತ್ತಾ ಪಾಠ ಹೇಳಿದ ನನಗೆ ಒಂದು ಗೊತ್ತು. ಅವಮಾನ ಹಳೆಯ ಬಟ್ಟೆಯಿಂದ ಬರುವುದಕ್ಕಿಂತ, ಆಟದಿಂದ ಹೊರಗುಳಿಯುವುದರಿಂದ ಹೆಚ್ಚಾಗಿ ಬರುತ್ತದೆ. ಬೆಚ್ಚಗಿರುವ ಮಗು ಹತ್ತು ಬಾರಿ ಬಿದ್ದು ಹನ್ನೊಂದನೆಯ ಬಾರಿ ಏಳುತ್ತದೆ. ನೆಂದು ನಡುಗುವ ಮಗು, ಎಂಥ ಬ್ರ್ಯಾಂಡ್ ತೊಟ್ಟಿದ್ದರೂ, ಕಿಟಕಿಯ ಈಚೆ ನನ್ನಂಥ ಮುದುಕರ ಪಕ್ಕದಲ್ಲಿ ಬಂದು ಅಳುತ್ತಾ ಕೂರುತ್ತದೆ. ಹಾಗೆ ಬಂದು ಕುಳಿತ ಎಷ್ಟೋ ಮಕ್ಕಳನ್ನು ಕಂಡಿದ್ದೇನೆ. ಅವರ ಕೋಟುಗಳು ಹೊಸವೇ ಆಗಿದ್ದವು, ಒಳಗಿನ ಬನಿಯನ್ನು ಹತ್ತಿಯದಾಗಿತ್ತು.

ನಮ್ಮಲ್ಲಿಯೂ ಗುಲ್ಮಾರ್ಗ್, ಔಲಿ, ಮನಾಲಿಗೆ ಮಕ್ಕಳೊಡನೆ ಹೋಗುವವರು ಈಗ ಬಹಳ. ಅವರಿಗೆ ನನ್ನ ಸಲಹೆ ಇಷ್ಟೇ: ಹೊರಗಿನ ಕೋಟು, ಬೂಟು ಅಲ್ಲಿಯೇ ಬಾಡಿಗೆಗೆ ದೊರೆಯುತ್ತವೆ, ಒಳಪದರ, ಕಾಲುಚೀಲ, ಮಿಟನ್ನುಗಳನ್ನು ಮಾತ್ರ ಊರಿನಿಂದಲೇ ಒಯ್ಯಿರಿ. ಬಾಡಿಗೆಯ ಕೋಟು ಒಳಗಡೆ ಒಣಗಿದೆಯೇ ಎಂದು ಕೈಯಿಟ್ಟು ನೋಡಿ ಪಡೆಯಿರಿ.

ಕೊನೆಯದಾಗಿ ಒಂದು ಮನೆಗೆಲಸ ಕೊಡುತ್ತೇನೆ. ಮೇಷ್ಟರ ಚಟ ಎಂದುಕೊಳ್ಳಿ. ಹೊರಡುವ ವಾರದ ಮೊದಲು ಮಗುವಿಗೆ ಎಲ್ಲವನ್ನೂ ತಾನೇ ತೊಡಲು ಬಿಡಿ. ಕುಕ್ಕರಗಾಲಿನಲ್ಲಿ ಕೂರಿಸಿ, ಕೈ ಮೇಲೆತ್ತಿಸಿ. ಗವುಸು ತೊಟ್ಟೇ ಜಿಪ್ ಎಳೆಯಲಿ. ಶೌಚಕ್ಕೆ ಹೋಗಬೇಕಾದಾಗ ಬೇಗ ಬಿಚ್ಚಲಾಗುವುದೇ ನೋಡಿ. “ಚಳಿಯಾದರೆ ನಾಚಿಕೊಳ್ಳದೆ ಹೇಳು” ಎಂದು ಕಲಿಸಿ. ಏಕೆಂದರೆ ಬೆಟ್ಟದ ಮೇಲೆ ಶಿಕ್ಷಕರ ಜೊತೆ ಹೋದ ಮಗುವಿನ ಬಳಿ ನೀವಿರುವುದಿಲ್ಲ. ನೀವು ತೊಡಿಸಿ ಕಳುಹಿಸಿದ ಬಟ್ಟೆ ಮತ್ತು ಕಲಿಸಿ ಕಳುಹಿಸಿದ ಮಾತು, ಇವೆರಡೇ ಇರುತ್ತವೆ.

ಎಲ್ಲ ಮಕ್ಕಳಿಗೂ ಶುಭವಾಗಲಿ.